ರಾಟ್‌ವೀಲರ್ ಜೊತೆ ತುಮಕೂರಿಗೆ ಬರುತ್ತಿದ್ದೇವೆ, ಬಾಡಿಗೆ ಮನೆ ಸಿಗುತ್ತಾ?

ಚಿನ್ನಿ ಅಮ್ಮ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ವಸಂತನರಸಾಪುರದ ಕಾರ್ಖಾನೆಗೆ ವರ್ಗ ಆಗಿದೆ. ಮುಂದಿನ ತಿಂಗಳು ಒಂದನೇ ತಾರೀಖು ಡ್ಯೂಟಿಗೆ ಹಾಜರಾಗಬೇಕು. ನಾವು ಮೂವರು, ಜೊತೆಗೆ ಚಿನ್ನಿ. ಚಿನ್ನಿ ನಮ್ಮ ರಾಟ್‌ವೀಲರ್ ನಾಯಿ. ಹೆಣ್ಣು, ಐದು ವರ್ಷ, 38 ಕೆ.ಜಿ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ್ದೇವೆ, ಲಸಿಕೆ ಯಾವುದೂ ತಪ್ಪಿಸಿಲ್ಲ. ಇವತ್ತಿನವರೆಗೂ ಯಾರನ್ನೂ ಕಚ್ಚಿಲ್ಲ.

ಎರಡು ಭಾನುವಾರ ಬಂದು ಒಂಬತ್ತು ಮನೆ ನೋಡಿದೆವು. ಎಲ್ಲ ಕಡೆಯೂ ನಾಯಿ ಅಂದ ತಕ್ಷಣ ಮಾತು ನಿಂತಿತು. ಎಸ್‌ಐಟಿ ಬಡಾವಣೆಯ ಒಂದು ಮನೆಯಂತೂ ಸಿಕ್ಕೇ ಬಿಟ್ಟಿತು ಅಂದುಕೊಂಡಿದ್ದೆವು. ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾಡಿ ಆಗಿತ್ತು. ಆ ಮನೆಯಮ್ಮ ಕಾಫಿ ಕೊಟ್ಟು, ಬೀಗದ ಕೈ ನನ್ನ ಲೋಟದ ಪಕ್ಕದಲ್ಲೇ ಇಟ್ಟಿದ್ದರು. ಇವರು ಮೊಬೈಲ್ ತೆಗೆದು ಚಿನ್ನಿ ಫೋಟೋ ತೋರಿಸಿದರು. ಆಯಮ್ಮ ಏನೂ ಅನ್ನಲಿಲ್ಲ. ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರ ಮಗ ಮಾತ್ರ "ಆಂಟಿ, ಈ ನಾಯಿ ಸರ್ಕಾರ ಬ್ಯಾನ್ ಮಾಡಿದೆ ಅಲ್ವಾ" ಅಂತ ವಾಟ್ಸಾಪ್‌ನಲ್ಲಿ ಬಂದಿದ್ದ 23 ತಳಿಗಳ ಪಟ್ಟಿ ತೋರಿಸಿದ. ಪಟ್ಟಿಯಲ್ಲಿ ರಾಟ್‌ವೀಲರ್ ಇರುವುದು ನಿಜ.

ಬಾಡಿಗೆ 14 ಸಾವಿರದವರೆಗೆ ಕೊಡುತ್ತೇವೆ. ಕಾಂಪೌಂಡ್ ಇದ್ದರೆ ಸಾಕು, ಮನೆ ಹಳೆಯದಾದರೂ ಪರವಾಗಿಲ್ಲ. ದೊಡ್ಡ ನಾಯಿ ಇಟ್ಟುಕೊಂಡು ಇಲ್ಲಿ ಬಾಡಿಗೆಗೆ ಇರುವವರು ಯಾರಾದರೂ ಇದ್ದರೆ ದಾರಿ ಹೇಳಿ. ಚಿನ್ನಿಯನ್ನು ಬಿಟ್ಟು ಬರುವ ಮಾತು ಮಾತ್ರ ಬೇಡ.

ಗುಬ್ಬಿ ಗೇಟ್ ವಾಸಿ

ಅಕ್ಕ, ನೀವು ಹುಡುಕುತ್ತಿರುವ ಕಡೆ ಸಿಗುವುದು ಕಷ್ಟ. ಎಸ್‌ಐಟಿ ಬಡಾವಣೆ, ಎಸ್‌ಎಸ್ ಪುರಂ ಕಡೆಯೆಲ್ಲ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಒಂದೇ ಗೇಟು, ಒಂದೇ ಮೆಟ್ಟಿಲು. ಮೇಲಾಗಿ ಮನೆಗೆ ಕಾಲೇಜು ಹುಡುಗರು ಕಾದು ನಿಂತಿರುತ್ತಾರೆ. ಮಾಲೀಕರಿಗೆ ನಿಮಗೇ ಕೊಡಬೇಕೆನ್ನುವ ದರ್ದಿಲ್ಲ.

ಯಜಮಾನರ ಕೆಲಸ ವಸಂತನರಸಾಪುರದಲ್ಲಿ ಅಂದರೆ ಶಿರಾ ಗೇಟ್, ಅಂತರಸನಹಳ್ಳಿ ಕಡೆ ನೋಡಿ. ಊರೊಳಗಿನ ಟ್ರಾಫಿಕ್ ದಾಟುವ ಕೆಲಸವೇ ಇಲ್ಲ, ನೇರ ಹೈವೇ. ಅಲ್ಲಿ ಆಗದಿದ್ದರೆ ಮರಳೂರು, ಕ್ಯಾತ್ಸಂದ್ರದ ಹೊಸ ಬಡಾವಣೆಗಳು. ಮೂವತ್ತು ನಲವತ್ತು ಸೈಟಿನಲ್ಲಿ ಒಂಟಿ ಮನೆ ಕಟ್ಟಿ, ಮಾಲೀಕರು ಬೆಂಗಳೂರಿನಲ್ಲೋ ಹಳ್ಳಿಯಲ್ಲೋ ಇರುತ್ತಾರೆ. ಅವರಿಗೆ ಮನೆ ಖಾಲಿ ಬೀಳುವುದೇ ದೊಡ್ಡ ಚಿಂತೆ.

ಬ್ರೋಕರ್‌ಗೆ ಮೊದಲ ಫೋನಿನಲ್ಲೇ ನಾಯಿ ವಿಷಯ ಹೇಳಿ. ಇಲ್ಲದಿದ್ದರೆ ಪೆಟ್ರೋಲ್ ಸುಮ್ನೆ ದಂಡ. ಇನ್ನೊಂದು ಮಾತು, ಏರಿಯಾದ ಇಸ್ತ್ರಿ ಅಂಗಡಿಯಲ್ಲಿ ಕೇಳಿ. ಯಾವ ಮನೆ ಯಾವಾಗ ಖಾಲಿ ಆಗುತ್ತೆ ಅಂತ ಬ್ರೋಕರ್‌ಗಿಂತ ಮೊದಲು ಅವರಿಗೆ ಗೊತ್ತಿರುತ್ತೆ.

ಕೋರ್ಟ್ ಕೆಲಸದವನು

ಆ 23 ತಳಿಗಳ ಪಟ್ಟಿ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದು ಇನ್ನೂ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಾ ಜನರನ್ನು ಹೆದರಿಸುತ್ತಿದೆ.

ಕೇಂದ್ರದ ಪಶುಸಂಗೋಪನೆ ಇಲಾಖೆ 2024ರ ಮಾರ್ಚ್ 12ರಂದು ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೊ, ಮಾಸ್ಟಿಫ್ ಹೀಗೆ 23 ತಳಿಗಳನ್ನು ಹೊರದೇಶದಿಂದ ತರಿಸಬಾರದು, ಮರಿ ಮಾಡಿಸಬಾರದು, ಮಾರಬಾರದು ಅಂತ. ಆಗಲೇ ಮನೆಯಲ್ಲಿದ್ದ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕು ಅಂತಲೂ ಇತ್ತು. ನಮ್ಮ ಹೈಕೋರ್ಟ್ ಅದೇ ತಿಂಗಳು 19ಕ್ಕೆ ತಡೆ ಕೊಟ್ಟಿತು. ಏಪ್ರಿಲ್ 10ಕ್ಕೆ ಸುತ್ತೋಲೆಯನ್ನೇ ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೀಗೆ ಮಾಡಿದ್ದು ತಪ್ಪು ಎನ್ನುವುದು ಮುಖ್ಯ ಕಾರಣ. ಸರಿಯಾದ ಕ್ರಮದಲ್ಲಿ ಮತ್ತೆ ನಿಯಮ ತರುವುದಕ್ಕೆ ಕೇಂದ್ರಕ್ಕೆ ಅವಕಾಶವನ್ನೂ ಇಟ್ಟಿತು.

ಹಾಗಾಗಿ ಮನೆಯಮ್ಮನ ಮಗ ತೋರಿಸಿದ್ದು ರದ್ದಾದ ಕಾಗದ. ಆದರೆ ಮೇಡಂ, ಇದನ್ನು ಹಿಡಿದು ಮಾಲೀಕರ ಹತ್ತಿರ ವಾದ ಮಾಡಬೇಡಿ. ಅದು ಇದ್ದಾಗಲೂ ಬಾಡಿಗೆ ಮನೆ ವಿಷಯ ಅದರಲ್ಲಿರಲಿಲ್ಲ. ತಮ್ಮ ಮನೆಯನ್ನು ಯಾರಿಗೆ ಕೊಡಬೇಕು ಅನ್ನುವುದು ಅವರಿಗೆ ಬಿಟ್ಟಿದ್ದು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತುಂಬಾ ಜನ ಹೇಳುತ್ತಾರೆ. ಅಪಾರ್ಟ್‌ಮೆಂಟ್ ಸಂಘದವರು ಬಹುಮತ ಇದ್ದರೂ ಸಾಕುನಾಯಿ ಬೇಡ ಅನ್ನುವ ಹಾಗಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವ ಹಾಗಿಲ್ಲ ಅಂತ ಅದರಲ್ಲಿದೆ. ಅದು ಸಂಘಗಳಿಗೆ ಹೇಳಿದ್ದು. ಒಂಟಿ ಮನೆಯ ಮಾಲೀಕರ ಮುಂದೆ ಅದು ಕೆಲಸಕ್ಕೆ ಬರುವುದಿಲ್ಲ.

ನಿಮ್ಮನ್ನು ಕಾಯುವುದು ಕರಾರು ಪತ್ರ. ನಮ್ಮಲ್ಲಿ ಎಲ್ಲರೂ 11 ತಿಂಗಳಿಗೆ ಮಾಡಿಸುತ್ತಾರೆ, ಒಂದು ವರ್ಷ ದಾಟಿದರೆ ನೋಂದಣಿ ಆಗಲೇಬೇಕು ಅನ್ನುವ ಕಾರಣಕ್ಕೆ. ಟೈಪಿಂಗ್ ಅಂಗಡಿಯಲ್ಲಿ ಸಿಗುವ ರೆಡಿ ಕರಾರಿಗೆ ಸುಮ್ನೆ ಸಹಿ ಹಾಕಬೇಡಿ. ನಾಯಿ ಇರುತ್ತದೆ, ಇಂಥ ತಳಿ, ಮಾಲೀಕರು ಒಪ್ಪಿದ್ದಾರೆ ಅನ್ನುವ ಒಂದು ಸಾಲು ಬರೆಸಿ. ನಾಳೆ ಪಕ್ಕದ ಮನೆಯವರು ತಕರಾರು ಮಾಡಿದಾಗ, ಅಥವಾ ಮಾಲೀಕರ ಮಗ ಅಮೆರಿಕದಿಂದ ಬಂದು "ಇದೇನಿದು" ಅಂದಾಗ, ಆ ಸಾಲೇ ನಿಮಗೆ ಆಧಾರ.

ತಿಪಟೂರು ಹುಡುಗ

ಅಕ್ಕ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಲ್ಯಾಬ್ ಮಿಕ್ಸ್ ಅಂತ ಹೇಳಿ. ಅಥವಾ ನಾಯಿ ಇಲ್ಲ ಅಂತಲೇ ಹೇಳಿ ಮನೆ ಹಿಡಿಯಿರಿ. ಸಾಮಾನು ಇಳಿಸಿ ಒಂದು ತಿಂಗಳಾದ ಮೇಲೆ ಕರೆದುಕೊಂಡು ಬನ್ನಿ. ಹಾಲು ಉಕ್ಕಿಸಿ ಒಳಗೆ ಹೋದವರನ್ನು ಯಾರು ತಾನೆ ಹೊರಗೆ ಕಳಿಸುತ್ತಾರೆ?

ಬಟವಾಡಿ ಟೀಚರ್

ದಯವಿಟ್ಟು ಹಾಗೆ ಮಾಡಬೇಡಿ. ನಾವು ಮಾಡಿ ಅನುಭವಿಸಿದ್ದೇವೆ.

ನಮ್ಮದು ಡಾಬರ್‌ಮನ್. ಚಿಕ್ಕನಾಯಕನಹಳ್ಳಿಯಿಂದ ಬಂದಾಗ ಹೇಳದೆ ಮನೆ ಹಿಡಿದೆವು. ರಾತ್ರಿ ಹೊತ್ತು ಕರೆದುಕೊಂಡು ಬಂದು ಹಿಂದಿನ ರೂಮಿನಲ್ಲಿಟ್ಟೆವು. ಅದು ಬೊಗಳದ ಹಾಗೆ ನೋಡಿಕೊಳ್ಳುವುದಕ್ಕೆ ಇಡೀ ದಿನ ಟಿ.ವಿ. ಜೋರಾಗಿ ಹಾಕುತ್ತಿದ್ದೆವು. ಹೊರಗೆ ಬಿಡದೆ ಅದು ಬಾಗಿಲು ಕೆರೆಯುವುದಕ್ಕೆ ಶುರು ಮಾಡಿತು. ಹನ್ನೊಂದನೇ ದಿನ ಮಾಲೀಕರು ಸಂಪು ನೋಡುವುದಕ್ಕೆ ಬಂದರು. ಅವರಿಗೆ ನಾಯಿಗಿಂತ ನಾವು ಸುಳ್ಳು ಹೇಳಿದ್ದೇ ಹೆಚ್ಚು ಬೇಜಾರಾಯಿತು. "ನನ್ನ ಮುಖ ನೋಡಿಕೊಂಡು ಹೇಗಮ್ಮ ಇಲ್ಲ ಅಂದಿರಿ" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇರುವಾಗ ಹದಿನೈದು ದಿನದಲ್ಲಿ ಮನೆ ಬಿಟ್ಟೆವು. ಅದೇ ಬೀದಿಯಲ್ಲಿ ಇನ್ನು ಯಾರು ನಾಯಿ ತಂದರೂ ಮನೆ ಸಿಗುವುದಿಲ್ಲ. ಅದಕ್ಕೆ ನಾವೇ ಕಾರಣ.

ಸಪ್ತಗಿರಿ ಬಡಾವಣೆ ಮಾಲೀಕ

ನಾನು ಮೂರು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ನಾಯಿ ಇರುವವರಿಗೆ ಕೊಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೈಯಬೇಡಿ.

ಐದಾರು ವರ್ಷದ ಹಿಂದೆ ಒಬ್ಬರಿಗೆ ಕೊಟ್ಟಿದ್ದೆ. ಒಳ್ಳೆಯ ಜನ. ಅವರ ನಾಯಿ ತೇಗದ ಬಾಗಿಲನ್ನು ಕೆಳಗಡೆಯಿಂದ ಒಂದು ಮೊಳದಷ್ಟು ಎತ್ತರ ಕೆರೆದು ನಾರು ಕಿತ್ತಿತ್ತು. ಆ ಬಾಗಿಲು ನಮ್ಮಪ್ಪ ಹಳ್ಳಿಯಿಂದ ಮರ ತರಿಸಿ ಮಾಡಿಸಿದ್ದು. ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡೆ, ಆದರೂ ಆ ಬಾಗಿಲು ವಾಪಸ್ ಬರಲಿಲ್ಲ. ಅದಕ್ಕಿಂತ ಜಾಸ್ತಿ ಹೆದರಿಕೆ ಬೇರೆ ಇದೆ. ಹಾಲಿನ ಹುಡುಗ, ಗ್ಯಾಸ್ ಸಿಲಿಂಡರ್ ತರುವವರು, ಕರೆಂಟ್ ಮೀಟರ್ ಓದುವವರು, ಇವರಲ್ಲಿ ಯಾರಿಗಾದರೂ ಕಚ್ಚಿದರೆ ಅವರು ಬಂದು ಬಾಗಿಲು ತಟ್ಟುವುದು ನನ್ನ ಮನೆಯದನ್ನೇ.

ಮೇಡಂ, ನಿಮ್ಮಂಥವರು ಬಂದರೆ ಏನು ಮಾಡಿದರೆ ನಾನು ಒಪ್ಪುತ್ತಿದ್ದೆ ಅಂತ ನಿನ್ನೆಯಿಂದ ಯೋಚನೆ ಮಾಡಿದೆ. ಫೋಟೋ ನೋಡಿ ಒಪ್ಪುವುದಿಲ್ಲ. ಫೋಟೋದಲ್ಲಿ ಆ ನಾಯಿ ಹೆದರಿಕೆ ಹುಟ್ಟಿಸುತ್ತೆ. ಕರೆದುಕೊಂಡು ಬಂದು ತೋರಿಸಿದರೆ ನೋಡಬಹುದು. ನೀವು ಈಗಿರುವ ಮನೆಯ ಮಾಲೀಕರು ನನಗೆ ಫೋನ್ ಮಾಡಿ "ಐದು ವರ್ಷ ಇದ್ದರು, ತೊಂದರೆ ಇಲ್ಲ" ಅಂದರೆ ಅದಕ್ಕೆ ತೂಕ ಇದೆ. ಮೀಟರ್ ಗೇಟಿನ ಒಳಗಿದ್ದರೆ ಅದಕ್ಕೆ ಏನು ಮಾಡುತ್ತೀರಿ ಅಂತ ನೀವೇ ಮೊದಲು ಹೇಳಿದರೆ, ಇವರಿಗೆ ಜವಾಬ್ದಾರಿ ಇದೆ ಅನ್ನಿಸುತ್ತೆ.

ಚಿನ್ನಿ ಅಮ್ಮ (ದಾವಣಗೆರೆ)

ಸರ್, ನಿಮ್ಮ ಮಾತಿಗೆ ಬೈಯುವುದು ಎಲ್ಲಿಂದ ಬಂತು. ಮೀಟರಿನ ವಿಷಯ ನಮಗೆ ಹೊಳೆದೇ ಇರಲಿಲ್ಲ. ನಾವು ಹೋದ ಕಡೆಯೆಲ್ಲ "ನಮ್ಮ ಚಿನ್ನಿ ತುಂಬಾ ಒಳ್ಳೆಯವಳು" ಅಂತಲೇ ಹೇಳುತ್ತಿದ್ದೆವು. ಕೇಳುವವರಿಗೆ ಅದು ಬೇಕಾಗಿರಲಿಲ್ಲ, ನಾವು ಏನು ಮಾಡುತ್ತೇವೆ ಅನ್ನುವುದು ಬೇಕಾಗಿತ್ತು. ಈಗಿನ ಮಾಲೀಕರನ್ನು ಕೇಳಿದೆ. ಯಾರ ಜೊತೆ ಬೇಕಾದರೂ ಮಾತಾಡುತ್ತೇನೆ ಅಂದಿದ್ದಾರೆ.

ಜಯನಗರ ತಾಯಿ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನ್ನ ಮಗನಿಗೆ ನಾಲ್ಕು ವರ್ಷವಿದ್ದಾಗ ನಾಯಿ ಕಚ್ಚಿದೆ. ಬೀದಿ ನಾಯಿಯಲ್ಲ, ಯಾರೋ ಸಾಕಿದ್ದು. ಗೇಟ್ ಸರಿಯಾಗಿ ಹಾಕಿರಲಿಲ್ಲ. ತೊಡೆಗೆ ಏಳು ಹೊಲಿಗೆ. ನಲ್ಲಿ ಕೆಳಗೆ ಹದಿನೈದು ನಿಮಿಷ ಸೋಪು ಹಾಕಿ ತೊಳೆಯುತ್ತಾ ನಿಂತಿದ್ದೆ, ಅವನು ಕಿರುಚುತ್ತಲೇ ಇದ್ದ. ಆಮೇಲೆ ಇಂಜೆಕ್ಷನ್‌ಗೆ ಓಡಾಟ. ಈಗ ಅವನಿಗೆ ಒಂಬತ್ತು ವರ್ಷ. ನಾಯಿ ಸರಪಳಿ ಸದ್ದು ಕೇಳಿದರೆ ಇವತ್ತಿಗೂ ನನ್ನ ಹಿಂದೆ ಬರುತ್ತಾನೆ.

ನೀವು ಬರುವ ಬೀದಿಯಲ್ಲೂ ನನ್ನಂಥ ಒಬ್ಬಳು ಇರುತ್ತಾಳೆ. ಅವಳು ನಿಮ್ಮ ನಾಯಿಯನ್ನು ದ್ವೇಷ ಮಾಡುವುದಿಲ್ಲ, ಹೆದರುತ್ತಾಳೆ. ಹೆದರಿಕೆ ಬಂದಾಗ ಜನ ಜಗಳ ಮಾಡುತ್ತಾರೆ.

ಚಿನ್ನಿ ಅಮ್ಮ (ದಾವಣಗೆರೆ)

ಅಕ್ಕ, ನೀವು ಬರೆದಿದ್ದು ಒಳ್ಳೆಯದಾಯಿತು. ನನಗೂ ಒಬ್ಬ ಮಗ ಇದ್ದಾನೆ. ನಮ್ಮ ಬೀದಿಯ ಅಂಥ ತಾಯಿಯ ಮನೆಗೆ ನಾನೇ ಮೊದಲು ಹೋಗುತ್ತೇನೆ. ಹೋಗಿ ಏನು ಹೇಳಿದರೆ ಅವರಿಗೆ ಸ್ವಲ್ಪ ಧೈರ್ಯ ಬರುತ್ತೆ, ಹೇಳಿ.

ಜಯನಗರ ತಾಯಿ

ಎಷ್ಟು ಹೊತ್ತಿಗೆ ವಾಕಿಂಗ್ ಕರೆದುಕೊಂಡು ಹೋಗುತ್ತೀರಿ ಅಂತ ಹೇಳಿ. ಆ ಹೊತ್ತು ಗೊತ್ತಿದ್ದರೆ ಮಕ್ಕಳನ್ನು ಒಳಗಿಟ್ಟುಕೊಳ್ಳುತ್ತೇವೆ. ಬೆಲ್ಟ್ ದೊಡ್ಡವರ ಕೈಯಲ್ಲಿರಲಿ, ಮಗನ ಕೈಗೆ ಕೊಡಬೇಡಿ. ಗೇಟಿಗೆ ಒಂದರ ಬದಲು ಎರಡು ಚಿಲಕ ಹಾಕಿಸಿ. "ಏನೂ ಮಾಡಲ್ಲ, ಮುಟ್ಟಿ ನೋಡಿ" ಅಂತ ಮಾತ್ರ ಹೇಳಬೇಡಿ. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತೆ.

ಹಳೆಯ ಪಶುವೈದ್ಯ

ಮೂವತ್ತು ವರ್ಷ ಈ ಜಿಲ್ಲೆಯಲ್ಲಿ ಕೆಲಸ ಮಾಡಿದ್ದೇನೆ. ರಾಟ್‌ವೀಲರ್ ಮೂಲದಲ್ಲಿ ದನ ಹೊಡೆಯುವ ನಾಯಿ. ಜರ್ಮನಿಯ ರಾಟ್‌ವೈಲ್ ಅನ್ನುವ ಊರಿನಿಂದ ಆ ಹೆಸರು ಬಂತು. ದನ ಕಾಯುವುದು, ಕಟುಕರ ಗಾಡಿ ಎಳೆಯುವುದು ಅದರ ಕೆಲಸವಾಗಿತ್ತು. ಕೆಲಸ ಕೊಟ್ಟು, ಜನರ ನಡುವೆ ಬೆಳೆಸಿದರೆ ಗಂಭೀರವಾದ ನಾಯಿ. ಮೂಲೆಯಲ್ಲಿ ಕಟ್ಟಿಹಾಕಿ ಬೆಳೆಸಿದರೆ ಅಪಾಯ. ಕಚ್ಚಿದರೆ ಸಣ್ಣ ನಾಯಿ ಕಚ್ಚಿದ ಹಾಗಿರುವುದಿಲ್ಲ, ಅದನ್ನು ಮುಚ್ಚಿಡಬಾರದು.

ಚಿನ್ನಿ ಅಮ್ಮನವರೇ, ಒಂದು ಫೈಲ್ ಮಾಡಿಕೊಳ್ಳಿ. ರೇಬೀಸ್ ಲಸಿಕೆ ಪ್ರತಿ ವರ್ಷ ಹಾಕಿಸಿದ ಕಾರ್ಡ್, ಸಂತಾನಹರಣದ ಸರ್ಟಿಫಿಕೇಟ್, ಈಗಿನ ವೈದ್ಯರು ತಮ್ಮ ಲೆಟರ್‌ಹೆಡ್‌ನಲ್ಲಿ ನಾಯಿಯ ಸ್ವಭಾವದ ಬಗ್ಗೆ ಬರೆದ ನಾಲ್ಕು ಸಾಲು. ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ನಂಬರ್. ಹೊಸ ಊರಿನಲ್ಲಿ ನಾಯಿ ದಾರಿ ತಪ್ಪಿದರೆ ಅದು ನಿಮ್ಮದೇ ಅಂತ ಹೇಳುವುದಕ್ಕೆ ಆ ನಂಬರ್ ಬೇಕು.

ಬಾಯಿಗೆ ಕುಕ್ಕೆ ಹಾಕುವುದಾದರೆ ಬುಟ್ಟಿ ಥರದ್ದು ತನ್ನಿ. ಬಟ್ಟೆಯದು ಬಾಯಿ ಬಿಗಿದುಬಿಡುತ್ತೆ. ನಾಯಿ ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು, ಬಿಸಿಲಿನಲ್ಲಿ ಬಾಯಿ ಬಿಗಿದರೆ ಪ್ರಾಣಕ್ಕೆ ಬರುತ್ತೆ. ಮನೆ ನೋಡುವಾಗ ಶೀಟಿನ ಮನೆ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಶೀಟಿನ ಕೆಳಗೆ ಕಪ್ಪು ನಾಯಿ ಬೆಂದುಹೋಗುತ್ತೆ. ದೇವರಾಯನದುರ್ಗದ ಕಡೆ ಊರ ಹೊರಗೆ ಮನೆ ಸಿಕ್ಕಿದರೆ ರಾತ್ರಿ ನಾಯಿಯನ್ನು ಮನೆಯೊಳಗೆ ಮಲಗಿಸಿ. ಚಿರತೆಗೆ ನಾಯಿ ಅಂದರೆ ಸುಲಭದ ಊಟ. ಸರಪಳಿಯಲ್ಲಿ ಕಟ್ಟಿದ ನಾಯಿಯನ್ನು ಹೊತ್ತುಕೊಂಡು ಹೋದಾಗ ಬರೀ ಕೊರಳಪಟ್ಟಿ ಉಳಿದಿದ್ದನ್ನು ನಾನು ನೋಡಿದ್ದೇನೆ.

ಕೊರಟಗೆರೆ ತೋಟದವನು

ನೀವು ಬೇಡ ಅಂದಿದ್ದೀರಿ, ಆದರೂ ಹೇಳುತ್ತೇನೆ ತಂಗಿ. ಪೇಟೆಯಲ್ಲಿ ಒದ್ದಾಡುವ ಬದಲು ಯಾರದಾದರೂ ತೋಟಕ್ಕೆ ಕೊಡಿ. ಅಡಿಕೆ ತೋಟಕ್ಕೆ ಅಂಥ ನಾಯಿ ಬೇಕೇ ಬೇಕು. ಊಟಕ್ಕೇನು ಕೊರತೆ ಇಲ್ಲ.

ಹಳೆಯ ಪಶುವೈದ್ಯ

ಮನಸ್ಸಿನಿಂದ ಹೇಳಿದ್ದೀರಿ ಅಂತ ಗೊತ್ತು. ಆದರೆ ಐದು ವರ್ಷ ಮನೆಯೊಳಗೆ ಮಲಗಿದ ನಾಯಿ ತೋಟದ ಕಂಬಕ್ಕೆ ಕಟ್ಟಿದರೆ ಊಟ ಬಿಡುತ್ತೆ. ಅಥವಾ ಸಿಡುಕಾಗುತ್ತೆ. ನೋಡಿಕೊಳ್ಳುವವರಿಲ್ಲದೆ ಬಿಟ್ಟು ಬಂದರಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದೂ ಅಪರಾಧವೇ. ನಾನು ಕೆಲಸದಲ್ಲಿದ್ದಾಗ ವರ್ಗ ಆದವರು ಬಿಟ್ಟುಹೋದ ನಾಯಿಗಳನ್ನು ನೋಡಿದ್ದೇನೆ. ಖಾಲಿ ಮನೆಯ ಗೇಟಿನ ಮುಂದೆ ಕೂತಿರುತ್ತವೆ. ಬೈಕ್ ಬಂದಾಗಲೆಲ್ಲ ಎದ್ದು ನಿಲ್ಲುತ್ತವೆ.

ಚಿನ್ನಿ ಅಮ್ಮ (ತುಮಕೂರು)

ಮೂರು ವಾರ ಆಯಿತು. ಮನೆ ಸಿಕ್ಕಿತು! ಮರಳೂರಿನಲ್ಲಿ. ಬಾಡಿಗೆ 13,500. ಹೇಗೆ ಸಿಕ್ಕಿತು ಅಂತ ಬರೆಯುತ್ತೇನೆ, ನಿಮಗೆಲ್ಲ ಅದನ್ನು ಹೇಳದಿದ್ದರೆ ತಪ್ಪಾಗುತ್ತೆ.

ಗುಬ್ಬಿ ಗೇಟ್ ಅಣ್ಣ ಹೇಳಿದ ಹಾಗೆ ಇಸ್ತ್ರಿ ಅಂಗಡಿಯಲ್ಲೇ ಗೊತ್ತಾಯಿತು. ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ಅವರ ತಾಯಿ ಎದುರು ಮನೆಯಲ್ಲಿ ತಂಗಿಯ ಜೊತೆ ಇದ್ದಾರೆ. ಫೋನಿನಲ್ಲಿ ಮೊದಲ ಮಾತೇ "ನಮ್ಮ ಹತ್ತಿರ ರಾಟ್‌ವೀಲರ್ ಇದೆ ಸರ್, ಬೇಡ ಅಂದರೆ ಈಗಲೇ ಹೇಳಿ" ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಒಪ್ಪಿದರೆ ನನಗೆ ಅಭ್ಯಂತರ ಇಲ್ಲ" ಅಂದರು.

ಚಿನ್ನಿಯನ್ನು ಕಾರಿನಲ್ಲಿ ಕರೆದುಕೊಂಡು ಬಂದೆವು. ಬಿಸಿಲು ಏರುವ ಮೊದಲೇ ತಲುಪಬೇಕು ಅಂತ ಬೆಳಗಿನ ಜಾವ ನಾಲ್ಕಕ್ಕೆ ದಾವಣಗೆರೆ ಬಿಟ್ಟೆವು. ಹಿರಿಯೂರಿನಲ್ಲಿ ಒಂದು ಸಲ ನೀರು ಕುಡಿಸಿದ್ದು, ಶಿರಾ ದಾಟಿ ಇನ್ನೊಂದು ಸಲ. ಮನೆ ಹತ್ತಿರ ಬಂದ ಮೇಲೆ ತಕ್ಷಣ ಇಳಿಸಲಿಲ್ಲ. ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ನಡೆಸಿ, ಆಮೇಲೆ ಗೇಟಿನ ಹತ್ತಿರ ಹೋದೆವು. ಇವರು ಬೆಲ್ಟ್ ಗಿಡ್ಡ ಹಿಡಿದುಕೊಂಡು ನಿಂತರು. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಹತ್ತಿರ ಬರಲಿಲ್ಲ, ನಾವೂ ಕರೆಯಲಿಲ್ಲ. ನಾನು ಫೈಲ್ ತೆಗೆದು ಕೊಟ್ಟೆ. ಅಜ್ಜಿ ಅದನ್ನು ನೋಡಲೇ ಇಲ್ಲ. ಚಿನ್ನಿಯನ್ನೇ ನೋಡುತ್ತಿದ್ದರು. ಹತ್ತು ನಿಮಿಷ ಆಗಿರಬೇಕು. ಚಿನ್ನಿ ನಿಂತು ನಿಂತು ಸಾಕಾಗಿ ನಮ್ಮ ಯಜಮಾನರ ಕಾಲಿನ ಮೇಲೆ ಗದ್ದ ಇಟ್ಟು ಮಲಗಿದಳು. ಒಂದು ಅವರೆಕಾಯಿ ಮೊರದಿಂದ ಉರುಳಿ ಕೆಳಗೆ ಬಿತ್ತು. ಕಿವಿ ಅಲ್ಲಾಡಿಸಿದಳು, ಏಳಲಿಲ್ಲ.

"ಮುದ್ದೆ ತಿನ್ನುತ್ತಾ?" ಅಂತ ಕೇಳಿದರು ಅಜ್ಜಿ. ನನಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಮಾತೆಲ್ಲ ಸಲೀಸಾಗಿ ಆಯಿತು. ನಮ್ಮ ಹಳೆಯ ಮಾಲೀಕರು ಬೆಂಗಳೂರಿನವರ ಜೊತೆ ಫೋನಿನಲ್ಲಿ ಮಾತಾಡಿದರು. ಅಡ್ವಾನ್ಸ್ ಒಂದು ಲಕ್ಷ, ನಾಯಿಯಿಂದ ಏನಾದರೂ ಹಾಳಾದರೆ ಅಂತ ಬೇರೆಯಾಗಿ 15 ಸಾವಿರ. ಅದಕ್ಕೆ ಬೇರೆ ರಸೀದಿ ಬರೆಸಿಕೊಂಡೆವು. ಬಾಗಿಲು, ಕಿಟಕಿ, ಗೋಡೆ ಎಲ್ಲದರ ಫೋಟೋ ತೆಗೆದು ಆ ದಿನವೇ ಇಬ್ಬರೂ ಇಟ್ಟುಕೊಂಡೆವು. ಬಾಗಿಲಿನ ಕೆಳಭಾಗಕ್ಕೆ ಎರಡು ಅಡಿ ಎತ್ತರದ ತಗಡು ಹೊಡೆಸಿದ್ದೇವೆ, ಸಪ್ತಗಿರಿ ಬಡಾವಣೆ ಸರ್ ಅವರ ತೇಗದ ಬಾಗಿಲು ನೆನಪಾಗಿ.

ಕರಾರಿನಲ್ಲಿ ಬರೆಸಿದ ಸಾಲು ಇದು: "ಬಾಡಿಗೆದಾರರು ಸಂತಾನಹರಣ ಚಿಕಿತ್ಸೆಯಾದ ಐದು ವರ್ಷದ ಹೆಣ್ಣು ರಾಟ್‌ವೀಲರ್ ನಾಯಿಯೊಂದನ್ನು ಈ ಮನೆಯಲ್ಲಿ ಸಾಕಿಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ. ನಾಯಿಯಿಂದ ಮನೆಗಾಗಲಿ ಬೇರೆಯವರಿಗಾಗಲಿ ಆಗುವ ನಷ್ಟಕ್ಕೆ ಬಾಡಿಗೆದಾರರೇ ಹೊಣೆ. ಗೇಟಿನ ಹೊರಗೆ ನಾಯಿಯನ್ನು ಬೆಲ್ಟ್ ಇಲ್ಲದೆ ಬಿಡತಕ್ಕದ್ದಲ್ಲ. ನಾಯಿಯ ಕಾರಣಕ್ಕೆ ಮನೆ ಖಾಲಿ ಮಾಡಿಸಬೇಕಾದರೆ ಎರಡು ತಿಂಗಳು ಮುಂಚಿತವಾಗಿ ಬರಹದಲ್ಲಿ ತಿಳಿಸತಕ್ಕದ್ದು." ಕೊನೆಯ ವಾಕ್ಯವನ್ನು ನಾವು ಕೇಳಿ ಸೇರಿಸಿಕೊಂಡಿದ್ದು.

ಜಯನಗರದ ಅಕ್ಕ, ಸಾಮಾನು ಇಳಿಸಿದ ಮಾರನೇ ದಿನ ಆರು ಮನೆಗೆ ಹೋಗಿ ಬಂದೆ. ದಾವಣಗೆರೆ ಮಂಡಕ್ಕಿ ಪೊಟ್ಟಣ ತೆಗೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಐದೂವರೆ, ರಾತ್ರಿ ಒಂಬತ್ತೂವರೆ, ಈ ಎರಡು ಹೊತ್ತು ಬಿಟ್ಟರೆ ಚಿನ್ನಿ ಹೊರಗೆ ಬರುವುದಿಲ್ಲ ಅಂತ ಹೇಳಿದೆ. ನನ್ನ ನಂಬರ್ ಕೊಟ್ಟೆ. ಮೂಲೆ ಮನೆಯಲ್ಲಿ ಒಬ್ಬರು ಬಾಗಿಲು ಅರ್ಧ ತೆಗೆದು ಮಾತಾಡಿದರು. ಅವರಿಗೆ ಚಿಕ್ಕ ಮಗಳಿದ್ದಾಳೆ. ಮುಟ್ಟಿ ನೋಡಿ ಅನ್ನಲಿಲ್ಲ. ಗೇಟಿಗೆ ಎರಡು ಚಿಲಕ ಇದೆ, ಬಂದು ನೋಡಬಹುದು ಅಂದೆ. ಇನ್ನೂ ಬಂದಿಲ್ಲ. ಆದರೆ ನಿನ್ನೆ ಒಂಬತ್ತೂವರೆಗೆ ಫೋನ್ ಮಾಡಿ, "ಮಗಳು ಹೊರಗಿದ್ದಾಳೆ, ಐದು ನಿಮಿಷ ತಡೆಯಿರಿ" ಅಂದರು. ತಡೆದೆವು.

ಗುಬ್ಬಿ ಗೇಟ್ ವಾಸಿ

ತುಂಬಾ ಖುಷಿ ಆಯಿತು ಅಕ್ಕ. ಮೀಟರ್ ವಿಷಯ ಏನು ಮಾಡಿದಿರಿ?

ಚಿನ್ನಿ ಅಮ್ಮ (ತುಮಕೂರು)

ಮೀಟರ್ ಒಳಗೇ ಇದೆ ಅಣ್ಣ, ಗೇಟಿನಿಂದ ಓದುವುದಕ್ಕೆ ಆಗುವುದಿಲ್ಲ. ಗೇಟಿಗೆ ಕಾಲಿಂಗ್ ಬೆಲ್ ಹಾಕಿಸಿ, "ನಾಯಿ ಇದೆ, ಬೆಲ್ ಒತ್ತಿ ಕಾಯಿರಿ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬೋರ್ಡ್ ಬರೆಸಿದ್ದೇವೆ. ಬೆಲ್ ಆದರೆ ಚಿನ್ನಿಯನ್ನು ರೂಮಿಗೆ ಬಿಟ್ಟು ಚಿಲಕ ಹಾಕಿದ ಮೇಲೆಯೇ ಗೇಟ್ ತೆಗೆಯುವುದು. ಹಾಲಿಗೆ ಗೇಟಿನ ಹೊರಗೇ ಒಂದು ಡಬ್ಬಿ ಕಟ್ಟಿದ್ದೇವೆ.

ಸಪ್ತಗಿರಿ ಬಡಾವಣೆ ಮಾಲೀಕ

ಮೇಡಂ, ಕರಾರಿನ ಆ ಸಾಲುಗಳು ಇರುವ ಪುಟದ ಫೋಟೋ ಕಳಿಸುತ್ತೀರಾ? ಹೆಸರು ಅಳಿಸಿ ಕಳಿಸಿ. ನಮ್ಮ ಕೆಳಗಿನ ಮನೆ ಮುಂದಿನ ತಿಂಗಳು ಖಾಲಿ ಆಗುತ್ತೆ. ಅದಕ್ಕೆ ಗೇಟು ಬೇರೆ ಇದೆ. ನಿನ್ನೆ ಒಬ್ಬರು ಫೋನ್ ಮಾಡಿದ್ದರು, ಜರ್ಮನ್ ಶೆಫರ್ಡ್ ಇದೆಯಂತೆ. ಭಾನುವಾರ ಕರೆದುಕೊಂಡು ಬನ್ನಿ, ನೋಡೋಣ ಅಂದಿದ್ದೇನೆ.

ಚಿನ್ನಿ ಅಮ್ಮ (ತುಮಕೂರು)

ಕಳಿಸಿದ್ದೇನೆ ಸರ್. ಬೆಳಿಗ್ಗೆ ಬಿಸಿಲು ಏರುವ ಮೊದಲು ಬರಲು ಹೇಳಿ. ಬಂದ ತಕ್ಷಣ ನೋಡಬೇಡಿ, ಸ್ವಲ್ಪ ನಡೆಸಿಕೊಂಡು ಬರಲಿ.